ಅತ್ತೆಯವರ ಮೌನವ್ರತ

ನಿನ್ನೆ ಮಧ್ಯಾಹ್ನ ಜಯನಗರದಲ್ಲಿ ಪೂಜಾ ಸಾಮಗ್ರಿ ಮಾರುವ ಅಂಗಡಿಯೊಂದರ ಮುಂದೆ ಹಾದುಹೋಗುತ್ತಿದ್ದೆ. ಅಂಗಡಿಯವರು ಗಿರಾಕಿಗೆ ವಾಸನೆ ತೋರಿಸಲೆಂದು ಊದುಬತ್ತಿಯ ಹೊಸ ಕಟ್ಟು ಬಿಚ್ಚಿ ಒಂದೆರಡು ಕಡ್ಡಿ ಹಚ್ಚಿದರು. ಒಳ್ಳೆಯ ಪರಿಮಳವೇ ಇರಬೇಕು; ಪಕ್ಕದಲ್ಲಿದ್ದ ಹೆಂಗಸು "ಆಹಾ" ಎಂದರು. ನನಗೆ ಮಾತ್ರ ಆ ಹೊಗೆ ಮೂಗಿಗೆ ತಾಗಿದ್ದೇ ತಡ, ಎಡಗಣ್ಣಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ನಿಮಗೆ ಮೈಗ್ರೇನ್ ಇದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಇಲ್ಲದಿದ್ದರೆ ನೀವು ಪುಣ್ಯವಂತರು, ನನ್ನ ಮಾತನ್ನು ನಂಬಿಕೊಂಡು ಬನ್ನಿ.

ಪಠ್ಯಪುಸ್ತಕ ತರುವ ಸಣ್ಣ ಪ್ರಕಾಶನವೊಂದರಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಹಾಗಾಗಿ ನನ್ನ ಮೈಗ್ರೇನ್ ಶುರುವಾಗುವುದೂ ಅಕ್ಷರಗಳಲ್ಲೇ. ಮೊದಲು ಒತ್ತಕ್ಷರಗಳು ಮಾಯವಾಗುತ್ತವೆ. "ಅಕ್ಕ" ಎಂದಿರುವುದು "ಅಕ" ಎಂದು ಕಾಣುತ್ತದೆ. "ರಾಷ್ಟ್ರ"ಕ್ಕೆ ಕಾಲೇ ಇರುವುದಿಲ್ಲ. ಆಮೇಲೆ ಪುಟದ ಒಂದು ಮೂಲೆ ಮಿನುಗಲು ತೊಡಗುತ್ತದೆ, ಆಮೇಲೆ ನೋವು. ಮೊಟ್ಟಮೊದಲ ಸಲ ಹೀಗಾದಾಗ ಅಕ್ಷರ ಜೋಡಿಸುವ ಡಿಟಿಪಿಯವರ ಮೇಲೆ ರೇಗಿ, ಸರಿಯಾಗಿಯೇ ಇದ್ದ ಪುಟದ ತುಂಬ ಕೆಂಪು ಶಾಯಿಯಲ್ಲಿ ಒತ್ತು ಬರೆದು ಕಳಿಸಿದ್ದೆ. ಅವರು ಪುಟ ಹಿಡಿದುಕೊಂಡು ಬಂದು, "ಮೇಡಂ, ಒತ್ತಿಗೇ ಒತ್ತು ಕೊಟ್ಟಿದ್ದೀರಲ್ಲ" ಎಂದರು. ಆ ಹೊತ್ತಿಗೆ ನಾನು ವಾಂತಿಗೆಂದು ಮೇಜಿನ ಕೆಳಗಿನ ಕಸದ ಬುಟ್ಟಿಯನ್ನು ಹುಡುಕುತ್ತಿದ್ದೆ.

ಆದರೆ ನಾನು ಹೇಳಹೊರಟದ್ದು ನನ್ನ ತಲೆನೋವಿನ ಕಥೆಯಲ್ಲ. ಊದುಬತ್ತಿಯ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಅತ್ತೆ ಗಿರಿಜಮ್ಮನವರ ಮೌನವ್ರತ. ಆ ವ್ರತ ಏನೆಂದು ತಿಳಿದ ದಿನ ನಾನು ಬೆಚ್ಚಿದ್ದು ಇವತ್ತಿಗೂ ಪೂರ್ತಿ ಇಳಿದಿಲ್ಲ. ಬರೆದರಾದರೂ ಇಳಿದೀತೇನೋ ನೋಡೋಣ ಎಂದು ಕೂತಿದ್ದೇನೆ.

ನಮ್ಮ ಮನೆ ಇರುವುದು ಕುಮಾರಸ್ವಾಮಿ ಲೇಔಟಿನಲ್ಲಿ. ಮಾವ ತಿಪಟೂರಿನ ಕಡೆಯಿಂದ ಬಂದು ಇಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಸುತ್ತ ಮನೆಗಳು ಏಳುತ್ತಿದ್ದ ಕಾಲ. ಮೊಳೆ, ಚಿಲಕ, ಪೇಂಟು ಮಾರಿಯೇ ಅವರೂ ಮಹಡಿ ಮೇಲೆ ಮಹಡಿ ಏರಿಸಿದರು. ಆಗ ಮನೆಯಲ್ಲಿ ಮಾವನ ತಾಯಿ, ತಮ್ಮಂದಿರು, ಅಂಗಡಿ ಕೆಲಸದವರು, ಊರಿನಿಂದ ಆಸ್ಪತ್ರೆಗೋ ಕೋರ್ಟಿಗೋ ಬಂದು ಇಳಿದುಕೊಳ್ಳುವವರು, ಇಷ್ಟೂ ಜನಕ್ಕೆ ಬೇಯಿಸಿ ಹಾಕುತ್ತಿದ್ದವರು ಅತ್ತೆ ಒಬ್ಬರೇ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಜಂಗುಳಿ ಕರಗಿತ್ತು, ನಾದಿನಿಯೂ ಮದುವೆಯಾಗಿ ಹೋಗಿದ್ದಳು. ಮಾವ, ಅತ್ತೆ, ನನ್ನ ಗಂಡ ಮಂಜು, ಇಷ್ಟೇ ಜನ. ಆದರೆ ಬೀದಿಯಲ್ಲಿ ಅತ್ತೆಯ ಹೆಸರು ದೊಡ್ಡದಾಗಿತ್ತು. ಅದಕ್ಕೆ ಕಾರಣ ಈ ವ್ರತ.

ವ್ರತಕ್ಕೆ ವಾರವಿಲ್ಲ, ತಿಥಿಯಿಲ್ಲ. ಬೆಳಿಗ್ಗೆ ದೋಸೆ ಹುಯ್ಯುತ್ತಿರುವಾಗಲೇ ಅತ್ತೆ ಸೌಟು ಕೆಳಗಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ಮೆಲ್ಲಗೆ, "ಅಪ್ಪಣೆ ಆಯ್ತು" ಎನ್ನುತ್ತಿದ್ದರು. ಅಷ್ಟೇ. ಒದ್ದೆ ಬಟ್ಟೆಯೊಂದನ್ನು ತಲೆಗೆ ಸುತ್ತಿಕೊಂಡು ದೇವರ ಮನೆಗೆ ಹೋಗಿ ಅಗುಳಿ ಹಾಕಿಕೊಂಡರೆ ಸಂಜೆಯವರೆಗೆ, ಕೆಲವು ಸಲ ಮರುದಿನದವರೆಗೆ, ಮಾತಿಲ್ಲ, ಊಟವಿಲ್ಲ. ಮನೆಯೂ ಅವರ ಜೊತೆ ವ್ರತ ಹಿಡಿಯುತ್ತಿತ್ತು. ಟಿವಿ ಇಲ್ಲ, ಕುಕ್ಕರ್ ಕೂಗುವಂತಿಲ್ಲ. ಮಿಕ್ಕ ದಿನ ನೀರಿನ ಲೋಟವನ್ನೂ ಕೂತಲ್ಲಿಗೇ ತರಿಸಿಕೊಳ್ಳುವ ಮಾವ ಅವತ್ತು ತಾವೇ ಕಾಫಿ ಮಾಡಿಕೊಂಡು, ಲೋಟದ ಸದ್ದಾಗದಂತೆ ಕುಡಿಯುತ್ತಿದ್ದರು. ಯಾರಾದರೂ ಬಂದರೆ ಗೇಟಿನ ಬಳಿಯೇ ತಡೆದು, ತುಟಿಗೆ ಬೆರಳಿಟ್ಟು, "ಮನೆಯವರು ಮೌನದಲ್ಲಿದ್ದಾರೆ" ಎಂದು ಪಿಸುಗುಡುತ್ತಿದ್ದರು. ಆ ಪಿಸುಮಾತಿನಲ್ಲಿ ಎಂಥ ಹೆಮ್ಮೆ!

ವ್ರತದ ದಿನ ಅತ್ತೆ ಒಳಗೆ ದೀಪ ಹಚ್ಚುತ್ತಿರಲಿಲ್ಲ, ಊದುಬತ್ತಿಯನ್ನಂತೂ ಮುಟ್ಟುತ್ತಲೇ ಇರಲಿಲ್ಲ. ಇದು ಸ್ವಲ್ಪ ವಿಚಿತ್ರವಲ್ಲವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಮಾವ, "ಒಳಗಿನ ಜ್ಯೋತಿ ನೋಡೋರಿಗೆ ಹೊರಗಿನ ದೀಪ ಯಾಕಮ್ಮ?" ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಸಂಜೆ ಬಾಗಿಲು ತೆಗೆದು ಅತ್ತೆ ಹೊರಗೆ ಬಂದಾಗ ಮುಖ ತೊಳೆದು ಹಣೆಗೆ ವಿಭೂತಿ ಧರಿಸಿರುತ್ತಿದ್ದರು. ಬಿಳಿಚಿಕೊಂಡ ಆ ಮುಖದಲ್ಲಿ ಏನೋ ಒಂದು ಕಳೆ, ದೊಡ್ಡ ಹೊರೆ ಇಳಿಸಿ ಬಂದವರ ಶಾಂತಿ. ಪಕ್ಕದ ಮನೆಯವರು ಮಕ್ಕಳನ್ನು ಕರೆತಂದು ಅವರ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೋಗುತ್ತಿದ್ದರು. ಮಂಜು ಇಂಜಿನಿಯರಿಂಗ್ ಪರೀಕ್ಷೆಗಳಿಗೆ ಹೋಗಿದ್ದೇ ಆ ವಿಭೂತಿಯ ಬಲದಲ್ಲಿ. ನಾನು ವಿಜ್ಞಾನದ ಪಠ್ಯ ತಿದ್ದುವವಳು, ಒಳಗೊಳಗೇ ನಗುತ್ತಿದ್ದೆ. ಆದರೆ ಅತ್ತೆಯ ಆ ಮುಖ ಕಂಡಾಗ ನಗುವುದು ಕಷ್ಟವಾಗುತ್ತಿತ್ತು.

ನನಗೆ ತಲೆನೋವು ಬಂದ ದಿನಗಳಲ್ಲಿ ಅತ್ತೆ ನಡೆದುಕೊಳ್ಳುತ್ತಿದ್ದ ರೀತಿಯನ್ನು ಈಗ ನೆನೆದರೆ ನನ್ನ ದಡ್ಡತನಕ್ಕೆ ನಾನೇ ಬೆರಗಾಗುತ್ತೇನೆ. ನಾನು ಬಾಯಿ ಬಿಡುವ ಮೊದಲೇ ಅವರು ಕರ್ಟನ್ ಎಳೆಯುತ್ತಿದ್ದರು. ಒಗ್ಗರಣೆ ಹಾಕುವುದನ್ನು ಮುಂದೂಡುತ್ತಿದ್ದರು. ಮುಡಿದ ಮಲ್ಲಿಗೆಯನ್ನು ತೆಗೆದು ಹೊರಗಿಟ್ಟು ಬರುತ್ತಿದ್ದರು. ಒಂದು ಸಲವಂತೂ ಮಂಚದ ತುದಿಯಲ್ಲಿ ಕೂತು, ಬಹಳ ಯೋಚಿಸಿದವರಂತೆ ಹೇಳಿದರು: "ನೀನೂ ಒಂದು ವ್ರತ ಹಿಡಿಯೇ. ಇವರಿಗೆ ನಾನು ಹೇಳ್ತೀನಿ."

"ತಲೆನೋವಿಗೆ ವ್ರತ ಏನ್ ಮಾಡುತ್ತೆ ಅತ್ತೆ? ಮಾತ್ರೆ ತಗೊಂಡಿದ್ದೀನಿ."

"ಮಾತ್ರೆ ತಗೋ. ವ್ರತಾನೂ ಹಿಡಿ."

ಇದನ್ನು ನಾನು ಆಫೀಸಿನಲ್ಲಿ ತಮಾಷೆಯಾಗಿ ಹೇಳಿಕೊಂಡು ತಿರುಗಿದೆ.

ಕಳೆದ ವರ್ಷ ನನ್ನ ತಲೆನೋವು ಜಾಸ್ತಿಯಾಯಿತು. ನರರೋಗದ ಡಾಕ್ಟರು ಮಾತ್ರೆ ಬದಲಿಸಿಕೊಟ್ಟರು. ಕತ್ತು, ಭುಜ ಯಾವಾಗಲೂ ಮರದ ಹಾಗೆ ಬಿಗಿದಿರುತ್ತವೆ ಎಂದು ನಾನು ಗೋಳಾಡಿದಾಗ, ಆಫೀಸಿನ ಗೆಳತಿಯೊಬ್ಬಳು ಜೆ.ಪಿ. ನಗರದಲ್ಲಿ ಆಸ್ಟಿಯೋಪತಿ ಮಾಡುವವರಿದ್ದಾರೆ, ಹೋಗು ಎಂದಳು. ಕೈಯಿಂದಲೇ ಸ್ನಾಯು, ಮೂಳೆಸಂದುಗಳ ಬಿಗಿತ ನೋಡಿ ಸಡಿಲ ಮಾಡುವ ಚಿಕಿತ್ಸೆ. ಔಷಧಿ ಇಲ್ಲ, ಎಣ್ಣೆ ಇಲ್ಲ, ಯಂತ್ರ ಇಲ್ಲ. ಡಾಕ್ಟರನ್ನು ಕೇಳಿದೆ. "ಮಾಡಿಸ್ಕೊಳ್ಳಿ. ಕೆಲವರಿಗೆ ಅನುಕೂಲ ಆಗುತ್ತೆ, ಕೆಲವರಿಗೆ ಇಲ್ಲ. ಒಂದು ನೆನಪಿಟ್ಕೊಳ್ಳಿ, ಇದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ" ಎಂದರು.

ಮೊದಲ ದಿನ ಜೊತೆಗೆ ಯಾರಾದರೂ ಬಂದರೆ ಒಳ್ಳೆಯದು ಎಂದು ಕ್ಲಿನಿಕ್ಕಿನವರು ಫೋನಿನಲ್ಲಿ ಹೇಳಿದ್ದರು. ಮಂಜುವಿಗೆ ರಜೆ ಇರಲಿಲ್ಲ. ಅತ್ತೆ ಆಗಲೇ ಸೀರೆ ಬದಲಿಸಿಕೊಂಡು ನಿಂತಿದ್ದರು. "ಯಾರೋ ಗೊತ್ತಿಲ್ಲದೋರ ಕೈಗೆ ಹೋಗಿ ಕತ್ತು ಕೊಡ್ತೀಯಾ? ನಾನೂ ಬರ್ತೀನಿ ನಡಿ."

ಪುಟ್ಟೇನಹಳ್ಳಿ ಕೆರೆಯ ಕಡೆಗೆ ಹೋಗುವ ಅಡ್ಡರಸ್ತೆಯಲ್ಲಿ, ಒಂದು ಮನೆಯ ಮೊದಲ ಮಹಡಿಯಲ್ಲಿ ಆ ಕ್ಲಿನಿಕ್ಕು. ಕೆಳಗೆ ಮಾಲೀಕರ ಸಂಸಾರ. ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನವಂತೆ, ಈಗಲೂ ಕಾಂಪೌಂಡಿನ ಪಕ್ಕದ ಒಂದು ಗೇಣು ಮಣ್ಣನ್ನು ಬಿಡದೆ ಅವರೆ ಬಳ್ಳಿ ಹಬ್ಬಿಸಿದ್ದರು. ಚಿಕಿತ್ಸೆ ಕೊಡುವ ಅನಿತಾ ಮೂವತ್ತು ದಾಟಿದ ಹೆಣ್ಣುಮಗಳು. ನಾನು "ಡಾಕ್ಟರ್" ಎಂದರೆ "ಥೆರಪಿಸ್ಟ್ ಅನ್ನಿ ಮೇಡಂ, ಸಾಕು" ಎಂದರು. ನನ್ನ ತಲೆಯಲ್ಲಿದ್ದದ್ದು ಕಟಿಂಗ್ ಶಾಪಿನ ದೃಶ್ಯ: ತಲೆ ಹಿಡಿದು ಲಟಕ್ಕನೆ ತಿರುಗಿಸುವುದು. ಅದನ್ನೇ ಹೇಳಿದೆ. ಅವರು ನಕ್ಕು, "ಆ ಥರ ನಿಮ್ಮ ಕತ್ತನ್ನ ನಾನು ತಿರುಗಿಸಲ್ಲ. ಮೊದಲು ಕೂತ್ಕೊಳ್ಳಿ. ತಲೆನೋವು ಹೇಗೆ ಶುರುವಾಗುತ್ತೆ, ನಿಧಾನಕ್ಕೆ ಹೇಳಿ" ಎಂದರು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತರು. ಚೀಲ ತೊಡೆಯ ಮೇಲೆ, ಎರಡು ಕೈ ಚೀಲದ ಮೇಲೆ.

ನಾನು ಶುರುಮಾಡಿದೆ. ಒತ್ತಕ್ಷರ ಮಾಯವಾಗುವುದನ್ನು ಹೇಳಿದೆ. "ಆಮೇಲೆ ಒಂದು ಹೊಳಪು ಬರುತ್ತೆ. ಹೇಗೆ ಹೇಳೋದು ಗೊತ್ತಾಗ್ತಿಲ್ಲ, ಒಂಥರಾ..."

"ಒಡೆದ ಗಾಜಿನ ಅಂಚಿನ ಥರ," ಎಂದಿತು ಮೂಲೆಯ ಧ್ವನಿ.

ನಾನು ತಿರುಗಿ ನೋಡಿದೆ. ಅತ್ತೆ ನನ್ನನ್ನು ನೋಡುತ್ತಿರಲಿಲ್ಲ, ಗೋಡೆಯನ್ನು ನೋಡುತ್ತಿದ್ದರು.

"ಹೌದು, ಹಾಗೇ," ಎಂದೆ. "ಅದು..."

"ಚಿಕ್ಕದಾಗಿ ಶುರುವಾಗಿ ದೊಡ್ಡದಾಗುತ್ತೆ. ಅಂಚು ಮಾತ್ರ ಹೊಳೀತಿರುತ್ತೆ, ನಡುವೆ ಏನೂ ಇರಲ್ಲ. ಎದುರಿಗೆ ನಿಂತೋರ ಅರ್ಧ ಮುಖ ಇರಲ್ಲ. ಅದು ಹೋದ ಮೇಲೆ ನೋವು ಬರುತ್ತೆ. ಆಗ ಪಾತ್ರೆ ಸದ್ದಾದರೆ ತಲೆಯೊಳಗೆ ಮೊಳೆ ಹೊಡೆದ ಹಾಗೆ. ಹೂವಿನ ವಾಸನೆಗೂ ಹೊಟ್ಟೆ ತೊಳೆಸುತ್ತೆ. ಅಲ್ವೇನೇ?"

ಮೊದಲು ನನಗೆ ಹೊಳೆದದ್ದು ಎಂಥ ಮೂರ್ಖ ವಿಚಾರವೆಂದರೆ, ಮಂಜು ನನ್ನ ಕಾಯಿಲೆಯನ್ನೆಲ್ಲ ಅವರಮ್ಮನಿಗೆ ಎಷ್ಟು ವಿವರವಾಗಿ ಹೇಳಿಬಿಟ್ಟಿದ್ದಾನಲ್ಲ ಎಂದು. ಅನಿತಾ ಮಾತ್ರ ಬರೆಯುವುದನ್ನು ನಿಲ್ಲಿಸಿ ಕುರ್ಚಿಯನ್ನು ಪೂರ್ತಿ ಅತ್ತೆಯ ಕಡೆಗೆ ತಿರುಗಿಸಿದರು.

"ಆಂಟಿ, ನಿಮಗೆ ಎಷ್ಟು ವರ್ಷದಿಂದ ಇದೆ?"

ಅತ್ತೆ ಆ ಪ್ರಶ್ನೆಗಾಗಿಯೇ ಕಾದಿದ್ದವರಂತೆ, ಒಂದು ಕ್ಷಣವೂ ತಡೆಯದೆ, "ಮದುವೆ ಆದಾಗಿಂದ" ಎಂದರು.

"ಬಂದಾಗ ಏನು ಮಾಡ್ತಿದ್ರಿ?"

ಅತ್ತೆ ಈಗ ನನ್ನ ಕಡೆ ನೋಡಿದರು. ಸಣ್ಣ ಮಗು ಕೈಯಲ್ಲಿ ಬಚ್ಚಿಟ್ಟುಕೊಂಡದ್ದನ್ನು ತೋರಿಸುವಾಗ ನೋಡುವಂಥ ನೋಟ. "ವ್ರತ ಮಾಡ್ತಿದ್ದೆ," ಎಂದರು.

ಹಚ್ಚದ ದೀಪ, ಒದ್ದೆ ಬಟ್ಟೆ, ಊದುಬತ್ತಿ ಇಲ್ಲದ ದೇವರ ಮನೆ, ಕೂಗದ ಕುಕ್ಕರ್, ಸಂಜೆಯ ಆ ಬಿಳಿಚಿದ ಮುಖದ ಕಳೆ, ಎಲ್ಲವೂ ಒಂದರ ಹಿಂದೊಂದು ಕಣ್ಣ ಮುಂದೆ ಬಂದು ತಿರುಗಿ ನಿಂತವು. ನೋವು ಬಿಟ್ಟ ಮೇಲೆ ನನ್ನ ಮುಖವೂ ಹಾಗೇ ಇರುತ್ತದೆ. ಕನ್ನಡಿಯಲ್ಲಿ ಎಷ್ಟು ಸಲ ನೋಡಿಕೊಂಡಿಲ್ಲ! ಒಂದೇ ಸೂರಿನ ಕೆಳಗೆ, ಒಂದೇ ಕಾಯಿಲೆಯ ಇಬ್ಬರು ಹೆಂಗಸರು. ಒಬ್ಬಳು ಮಲಗುವ ಕೋಣೆಯಲ್ಲಿ ನರಳುತ್ತಿದ್ದಳು. ಇನ್ನೊಬ್ಬರು ದೇವರ ಮನೆಯಲ್ಲಿ ನರಳುತ್ತಿದ್ದರು, ಅವರಿಗೆ ಜನ ಅಡ್ಡಬೀಳುತ್ತಿದ್ದರು.

ಅನಿತಾ ನನ್ನನ್ನು ಮಲಗಿಸಿ ತಮ್ಮ ಕೆಲಸ ಶುರುಮಾಡಿದರು. ಪಕ್ಕೆಲುಬಿನ ಮೇಲೆ ಅಂಗೈಯಿಟ್ಟು ಉಸಿರಾಟ ನೋಡಿದರು, ದವಡೆಯನ್ನು ನೋಡಿದರು, ಕೊನೆಗೆ ಎರಡೂ ಕೈಯ ಬೆರಳುಗಳನ್ನು ತಲೆಬುರುಡೆ ಮತ್ತು ಕತ್ತು ಸೇರುವಲ್ಲಿ ಇಟ್ಟು ಸುಮ್ಮನೆ ಹಿಡಿದುಕೊಂಡರು. ಉಜ್ಜಲಿಲ್ಲ, ತಿರುಗಿಸಲಿಲ್ಲ. ಭಾರವನ್ನು ಅವರ ಬೆರಳಿಗೆ ಬಿಟ್ಟುಕೊಡಿ ಎಂದರು, ಅಷ್ಟೇ. ಬಿಗಿದುಕೊಂಡಿದ್ದ ಏನೋ ಒಂದು ನಿಧಾನವಾಗಿ ಸೋತು ಬಿಟ್ಟುಕೊಟ್ಟಿತು. ಹಿತವಾಗಿತ್ತು, ನಿಜ. ಆದರೆ ನನ್ನ ಗಮನವೆಲ್ಲ ಮೂಲೆಯ ಕುರ್ಚಿಯಲ್ಲಿ. ಅತ್ತೆ ಎದ್ದು ಬಂದು, ಅನಿತಾರ ಬೆರಳು ನನ್ನ ಕತ್ತಿನ ಯಾವ ಜಾಗದಲ್ಲಿದೆಯೆಂದು ಬಗ್ಗಿ ನೋಡುತ್ತಿದ್ದರು. ತಮ್ಮ ಕೈಯನ್ನು ತಮ್ಮ ಕತ್ತಿನ ಅದೇ ಜಾಗದಲ್ಲಿ ಇಟ್ಟುಕೊಂಡಿದ್ದರು.

"ನಂದೂ ಹೀಗೇ ಹಿಡೀರಮ್ಮ, ಒಂದು ಸಲ," ಎಂದರು ನಾನು ಎದ್ದ ಮೇಲೆ.

"ಹಿಡೀತೀನಿ ಆಂಟಿ. ಅದಕ್ಕೆ ಮೊದಲು ಹೇಳಿ, ನೋವಿಗೆ ಮಾತ್ರೆ ಏನಾದ್ರೂ ತಗೋತೀರಾ?"

ಅತ್ತೆ ಚೀಲದಿಂದ ಒಂದು ಪಟ್ಟಿ ಮಾತ್ರೆ ತೆಗೆದುಕೊಟ್ಟರು. ಅನಿತಾ ಅದನ್ನು ತಿರುಗಿಸಿ ನೋಡಿದರು. ಅವರ ಮುಖದ ನಗು ಹೋಯಿತು.

"ಯಾವಾಗ ತಗೋತೀರಾ?"

"ಬೇಕಾದಾಗ."

"ಬೇಕಾಗೋದು ಯಾವಾಗ?"

"ದಿನಾ," ಎಂದರು ಅತ್ತೆ, ತೀರ ಸಹಜವಾಗಿ.

ಎರಡನೆಯ ಸಲ ನಾನು ದಂಗಾದೆ. ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ, ಚೀಟಿ ಇಲ್ಲದೆ, ವರ್ಷಗಳಿಂದ. ವಯಸ್ಸಾದ ಮೇಲೆ ನೋವು ಹೆಚ್ಚು ಸಲ ಬರತೊಡಗಿತ್ತಂತೆ; ಪದೇ ಪದೇ ಅಪ್ಪಣೆ ಆಗುತ್ತಿದೆ ಎಂದರೆ ಮನೆಯವರಿಗೆ ಅನುಮಾನ ಬರುತ್ತದೆಂದು ಮಿಕ್ಕ ದಿನಗಳನ್ನು ಮಾತ್ರೆಯ ಮೇಲೆ ಕಳೆಯುತ್ತಿದ್ದರಂತೆ. ಅನಿತಾ ಬಿ.ಪಿ. ನೋಡಿದರು, ಸ್ವಲ್ಪ ಬಿಟ್ಟು ಮತ್ತೆ ನೋಡಿದರು. ಆಮೇಲೆ ಅತ್ತೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಆಂಟಿ, ಈಗ ನಾನು ನಿಮ್ಮ ಕತ್ತು ಮುಟ್ಟಲ್ಲ. ಬಿ.ಪಿ. ತುಂಬಾ ಇದೆ. ಈ ಮಾತ್ರೆ ದಿನಾ ತಗೊಂಡರೆ ಕಿಡ್ನಿಗೂ ಪೆಟ್ಟು, ತಲೆನೋವೂ ಇದರಿಂದಲೇ ಜಾಸ್ತಿಯಾಗುತ್ತೆ. ಇವತ್ತೇ ಡಾಕ್ಟರನ್ನ ನೋಡಿ. ಅವರು ಸರಿ ಅಂದ ಮೇಲೆ ಬನ್ನಿ, ಖಂಡಿತ ಹಿಡೀತೀನಿ" ಎಂದರು.

ಅತ್ತೆಯ ಮುಖ ಸಣ್ಣದಾಯಿತು. ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದರು, ಅದೂ ಸಿಗಲಿಲ್ಲ.

ಆಟೋದಲ್ಲಿ ಕೂತು ಆಸ್ಪತ್ರೆಗೆ ಹೊರಟೆವು. ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿಗಳು ಅಲುಗಾಡದೆ ನಿಂತಿದ್ದವು, ಎಲ್ಲ ಕಡೆಯಿಂದ ಹಾರನ್ನು. ಅತ್ತೆ ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಈಗ ಆ ಸೆರಗಿನ ಅರ್ಥ ನನಗೆ ಗೊತ್ತಿತ್ತು.

"ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದ್ರಾ ಅತ್ತೆ?" ಎಂದೆ. ಕೋಪವಿರಲಿಲ್ಲ, ನಂಬಲಾಗುತ್ತಿರಲಿಲ್ಲ ಅಷ್ಟೇ.

"ನಾನೆಲ್ಲಿ ಹೇಳಿದೆ?" ಎಂದರು ಅತ್ತೆ. "ನಮ್ಮತ್ತೆ ಹೇಳಿದ್ದು." ಆಮೇಲೆ ಆ ಗದ್ದಲದಲ್ಲಿ, ನನ್ನ ಕಿವಿಯ ಹತ್ತಿರ ಬಾಗಿ ಹೇಳುತ್ತಾ ಹೋದರು. ಮದುವೆಯಾದ ಹೊಸತು. ತಲೆನೋವು ಅಂದರೆ ಅವರತ್ತೆ, "ತಲೆ ಇದ್ದ ಮೇಲೆ ನೋವು ಇರಲ್ವಾ? ಎದ್ದು ಒಲೆ ಹಚ್ಚು" ಎನ್ನುತ್ತಿದ್ದರಂತೆ. ಒಂದು ದಿನ ತಡೆಯಲಾಗದೆ, ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಕೋಣೆ ಅದೊಂದೇ ಎಂದು ದೇವರ ಮನೆಗೆ ಹೋಗಿ ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತರಂತೆ. ಹೊರಗಿನಿಂದ ಅವರತ್ತೆ ಕೂಗಿದರು. ಬಾಯಿ ಬಿಟ್ಟರೆ ವಾಂತಿಯಾಗುತ್ತದೆಂದು ಇವರು ಉತ್ತರ ಕೊಡಲಿಲ್ಲ. ಅವರತ್ತೆ ಕಿಟಕಿಯ ಸಂದಿಯಿಂದ ಇಣುಕಿದರು. ಕತ್ತಲಲ್ಲಿ, ದೇವರ ಮುಂದೆ, ಕಣ್ಣು ಮುಚ್ಚಿ ಕೂತ ಸೊಸೆ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿದೆ.

"'ಶ್! ಯಾರೂ ಕರೀಬೇಡಿ. ಮೌನದಲ್ಲಿದ್ದಾಳೆ' ಅಂದ್ರು," ಅತ್ತೆ ಹೇಳಿದರು. "ಮನೆಯೆಲ್ಲಾ ಗಪ್‌ಚಿಪ್ ಆಗೋಯ್ತು ಕಣೇ. ಆ ಮನೇಗೆ ಬಂದಾಗಿಂದ ಅಂಥ ನಿಶ್ಶಬ್ದ ನಾನು ಕೇಳೇ ಇರಲಿಲ್ಲ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ."

"ವಾಂತಿ ಬಂದ್ರೆ ಏನ್ ಮಾಡ್ತಿದ್ರಿ?"

"ಹಳೇ ಹೂವು ಹಾಕೋ ಬಕೆಟ್ ಇರ್ತಿತ್ತಲ್ಲ."

ಆಟೋದ ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಅವರಿಗೆ ಗೊತ್ತಾಗಿರಲಾರದು. ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಮಂಜು ಕೆಲಸ ಬಿಟ್ಟು ಓಡಿಬಂದ. ಕಿಡ್ನಿ ಆಗಲೇ ಸ್ವಲ್ಪ ಸೋತಿತ್ತು. ಇನ್ನಷ್ಟು ತಡವಾಗಿದ್ದರೆ ಮಾತೇ ಬೇರೆ ಇರುತ್ತಿತ್ತು ಎಂದರು ಡಾಕ್ಟರು. ಮಂಜುವಿಗೆ ನಾನು ವರಾಂಡದಲ್ಲಿ ಎಲ್ಲವನ್ನೂ ಹೇಳಿದೆ. ಅವನು ಗೋಡೆಗೆ ಕೈಯಿಟ್ಟು ನಿಂತುಬಿಟ್ಟ. "ಪರೀಕ್ಷೆ ದಿನ ನಾನೇ ಹೋಗಿ ಬಾಗಿಲು ಬಡಿದು ವಿಭೂತಿ ಹಚ್ಚು ಅಂತಿದ್ದೆ. ಅಮ್ಮ ಎದ್ದು ಬಂದು ಹಚ್ಚೋರು. ಕೈ ನಡುಗ್ತಾ ಇರ್ತಿತ್ತು. ದೇವರು ಮೈಮೇಲೆ ಇರೋದಕ್ಕೆ ನಡುಗುತ್ತೆ ಅಂತ ಅಪ್ಪ ಹೇಳ್ತಿದ್ರು," ಎಂದ.

ಮಾವನಿಗೆ ಹೇಳಿದ್ದು ಮರುದಿನ ಬೆಳಿಗ್ಗೆ, ಅತ್ತೆಯೇ. ಅವರ ಕಾಫಿ ಲೋಟವನ್ನು ಮುಂದಿಟ್ಟು, ಎದುರು ಕುರ್ಚಿಯಲ್ಲಿ ಕೂತು, ನಡೆದದ್ದನ್ನೆಲ್ಲ ನೇರವಾಗಿ ಹೇಳಿದರು. ಮಾವ ಮೊದಲು ನಕ್ಕರು. ಆಮೇಲೆ ನಮ್ಮ ಮುಖಗಳನ್ನು ನೋಡಿದರು. ಅವರ ಮುಖ ಹಾಗೆ ಕಪ್ಪಿಟ್ಟಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ನನಗೂ ಹೇಳಲಿಲ್ಲವಾ ಗಿರಿಜಾ? ಊರಿಗೆಲ್ಲಾ ಹೇಳ್ಕೊಂಡು ತಿರುಗಿದೆನಲ್ಲ ನಾನು! ಸ್ವಾಮಿಗಳ ಹತ್ರಾನೂ ಹೇಳಿದ್ದೀನಿ!"

"ಹೇಳಿದ್ದೆ ರೀ. ಮೊದಲ ವರ್ಷ ಹೇಳಿದ್ದೆ. ತಲೆನೋವು ಅಂದೆ. 'ಕಾಫಿ ಕುಡಿ, ಹೋಗುತ್ತೆ. ಹಾಗೇ ನನಗೂ ಒಂದು ಲೋಟ ಮಾಡು' ಅಂದ್ರಿ."

ಮಾವನಿಗೆ ಅದು ನೆನಪಿರಲಿಲ್ಲ. ಹೇಗೆ ನೆನಪಿದ್ದೀತು? ಅವರು ಕಂಗಾಲಾದವರಂತೆ ಒಂದೊಂದೇ ದಿನವನ್ನು ಹೊರಗೆಳೆದು ಕೇಳತೊಡಗಿದರು. ಮಗಳ ಮದುವೆಯ ಮಾರನೆಯ ದಿನ? ತಲೆನೋವು. ಅಂಗಡಿಯ ಪೂಜೆಯ ದಿನ? ತಲೆನೋವು. ನಮ್ಮವ್ವ ತೀರಿಕೊಂಡಾಗ ಮೂರು ದಿನ ಕೂತಿದ್ದೆಯಲ್ಲ? ಅದೂ ತಲೆನೋವೇ, ಅತ್ತೂ ಅತ್ತೂ ಬಂದದ್ದು. ಪ್ರತಿ ಉತ್ತರಕ್ಕೂ ಮಾವ ಕುರ್ಚಿಯಲ್ಲಿ ಒಂದಿಷ್ಟು ಕುಗ್ಗುತ್ತಿದ್ದರು. "ದೇವರ ಮನೇಲಿ ವಾಂತಿ ಮಾಡ್ತಿದ್ಯಾ?" ಎಂದು ಸಂಕಟದಿಂದ ಕೇಳಿದರು.

"ಶಿವ ವಿಷಾನೇ ಕುಡಿದೋನು. ನನ್ನ ವಾಂತಿಗೆ ಬೇಜಾರು ಮಾಡ್ಕೋತಾನಾ?" ಎಂದರು ಅತ್ತೆ.

ಮಾವ ಕೊನೆಯ ಪ್ರಶ್ನೆ ಕೇಳಿದಾಗ ಅವರ ಧ್ವನಿ ಬಹಳ ಸಣ್ಣದಾಗಿತ್ತು. "ಒಂದು ದಿನಾನಾದ್ರೂ ನಿಜವಾದ ವ್ರತ ಇತ್ತಾ?"

ಅತ್ತೆ ಸುಳ್ಳು ಹೇಳಬಹುದಿತ್ತು, ಒಂದೇ ಒಂದು ದಿನವನ್ನು ಅವರಿಗೆ ಕೊಡಬಹುದಿತ್ತು. "ನೋವು ಬಿಡೋ ಹೊತ್ತಿಗೆ ಪ್ರತಿ ಸಲಾನೂ ಕೈ ಮುಗಿದಿದ್ದೀನಿ. ಬೇರೆ ಯಾರೂ ಇರಲಿಲ್ಲವಲ್ಲ ಅಲ್ಲಿ. ಅದು ಲೆಕ್ಕಕ್ಕೆ ಬರೋದಾದ್ರೆ ಬರಲಿ," ಎಂದರು.

ಮಾವ ಎದ್ದು ಹೊರಗೆ ಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆ ಬಂದವರು ಯಾರೊಡನೆಯೂ ಮಾತಾಡದೆ ಕಿಟಕಿಯ ಪಕ್ಕ ಕೂತರು. ನಮ್ಮ ಮನೆಯಲ್ಲಿ ಕೊನೆಗೂ ನಿಜವಾದ ಮೌನ ಹಿಡಿದವರು ಅವರೇ ಎನ್ನಬೇಕು.

ನಂತರದ ವಾರಗಳು ಕೆಟ್ಟವು. ನೋವಿನ ಮಾತ್ರೆ ಒಮ್ಮೆಲೇ ನಿಂತಾಗ ಮೊದಲು ತಲೆನೋವು ಹೆಚ್ಚುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಹೆಚ್ಚಿತು. ಅತ್ತೆ ದೇವರ ಮನೆಗೆ ಹೋಗಲಿಲ್ಲ. ನಮ್ಮ ಕೋಣೆಯಲ್ಲಿ, ಎಲ್ಲರ ಕಣ್ಣೆದುರಿಗೆ, ತಲೆ ಹಿಡಿದುಕೊಂಡು ನರಳಿದರು. ಇಷ್ಟು ವರ್ಷ ಬಾಗಿಲ ಹಿಂದೆ ಇದ್ದದ್ದು ಇದೇ ಎಂದು ಮಾವ ನೋಡಿದರು. ಒಂದು ದಿನ ಅತ್ತೆ ವಾಂತಿ ಮಾಡುತ್ತಿದ್ದಾಗ ಓಡಿಹೋಗಿ ಹಣೆ ಹಿಡಿದುಕೊಂಡವರು ಅವರೇ. ಹಿಡಿಯುವುದು ಹೇಗೆಂದು ಗೊತ್ತಿರಲಿಲ್ಲ, ಬೋಲ್ಟು ಹಿಡಿದ ಹಾಗೆ ಹಿಡಿದಿದ್ದರು. "ಮೆಲ್ಲಗೆ ರೀ," ಎಂದರು ಅತ್ತೆ. ಅವರು ಮೆಲ್ಲಗೆ ಹಿಡಿದರು.

ಬಿ.ಪಿ. ಹತೋಟಿಗೆ ಬಂದು, ಡಾಕ್ಟರು ಅತ್ತೆಯ ವಯಸ್ಸಿಗೆ ಒಗ್ಗುವ ಬೇರೆ ಮಾತ್ರೆ ಕೊಟ್ಟು, ಕತ್ತಿನ ಚಿಕಿತ್ಸೆಗೂ ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಅನಿತಾರ ಬಳಿ ಹೋದೆವು. ಈ ಸಲ ಮೂಲೆಯ ಕುರ್ಚಿ ನನ್ನದು. ಅನಿತಾ ಅತ್ತೆಯ ತಲೆಯ ಕೆಳಗೆ ಬೆರಳಿಟ್ಟು, "ಭಾರ ನನಗೆ ಕೊಡಿ ಆಂಟಿ" ಎಂದರು. ಅತ್ತೆ ಕೊಡಲಿಲ್ಲ. ಅವರ ತಲೆ ಅನಿತಾರ ಕೈಯಿಂದ ಒಂದು ಕೂದಲೆಳೆ ಮೇಲೆಯೇ ನಿಂತಿತ್ತು. "ಕೊಡ್ತಾ ಇದ್ದೀನಲ್ಲಮ್ಮ" ಎನ್ನುತ್ತಲೇ ತಾವೇ ಹೊತ್ತುಕೊಂಡಿದ್ದರು. ತಲೆಯನ್ನು ಇನ್ನೊಬ್ಬರ ಕೈಗೆ ಬಿಡುವುದು ಹೇಗೆಂಬುದೇ ಆ ಜೀವಕ್ಕೆ ಗೊತ್ತಿರಲಿಲ್ಲ. ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ನೋಡುತ್ತಿದ್ದೆ. ಅನಿತಾ ಅವಸರ ಮಾಡಲಿಲ್ಲ. ಬಹಳ ಹೊತ್ತಾದ ಮೇಲೆ ಅತ್ತೆಯ ಗದ್ದ ಸ್ವಲ್ಪ ಮೇಲೆದ್ದಿತು, ಕತ್ತು ಇಳಿಯಿತು, ತಲೆ ಆ ಅಂಗೈಗಳಲ್ಲಿ ಕೂತಿತು. ತುಸು ಹೊತ್ತಿಗೆ ಗೊರಕೆ ಕೇಳಿಸಿತು.

ಪವಾಡವೇನೂ ನಡೆಯಲಿಲ್ಲ. ನನಗೂ ಅವರಿಗೂ ಈಗಲೂ ತಲೆನೋವು ಬರುತ್ತದೆ. ಮೊದಲಿಗಿಂತ ಕಡಿಮೆ ಸಲ, ಬಂದರೂ ಮೊದಲಿನಷ್ಟು ಕ್ರೂರವಾಗಿ ಅಲ್ಲ. ಅದು ಮಾತ್ರೆಯಿಂದಲೋ, ಅನಿತಾರ ಬೆರಳಿನಿಂದಲೋ, ಬಚ್ಚಿಡುವ ಕಷ್ಟ ತಪ್ಪಿದ್ದರಿಂದಲೋ ನಾನು ಹೇಳಲಾರೆ. ಅನಿತಾರನ್ನು ಕೇಳಿದರೆ ಅವರೂ ಹೇಳುವುದಿಲ್ಲ. "ಡಾಕ್ಟರ್ ಹತ್ರ ಹೋಗೋದು ಬಿಡಬೇಡಿ" ಎನ್ನುತ್ತಾರೆ, ಪ್ರತಿ ಸಲವೂ.

ನಿನ್ನೆ ಜಯನಗರದಿಂದ ಹೇಗೋ ಮನೆ ಮುಟ್ಟಿದೆ. ಗೇಟಿನ ಬಳಿ ಹಿಂದಿನ ಬೀದಿಯ ಹೆಂಗಸೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದು ನಿಂತಿದ್ದರು. ಅತ್ತೆ ಬಾಗಿಲಲ್ಲಿ ನಿಂತು, ಕಣ್ಣು ಕಿರಿದು ಮಾಡಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು: "ನನಗೆ ತಲೆನೋವು ಕಣಮ್ಮ. ಮಲಗ್ತೀನಿ. ನಾಳೆ ಬನ್ನಿ." ಆ ಹೆಂಗಸು ಬಾಯಿ ತೆರೆದುಕೊಂಡು ನಿಂತರು. ನಾನೂ ನಿಂತೆ. ಇಷ್ಟು ತಿಂಗಳಾದರೂ ಆ ಮಾತು ಅವರ ಬಾಯಿಂದ, ಅದೂ ಹೊರಗಿನವರ ಮುಂದೆ, ಬಂದದ್ದನ್ನು ನಾನು ಕೇಳಿರಲಿಲ್ಲ.

ಒಳಗೆ ಹೋಗಿ ಒಂದೇ ಮಂಚದ ಮೇಲೆ ಇಬ್ಬರೂ ಮಲಗಿದೆವು. ಮಾವ ಬಂದು ಕರ್ಟನ್ ಎಳೆದು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದರು. ಕತ್ತಲಲ್ಲಿ ಅತ್ತೆಯ ಉಸಿರು ಕೇಳುತ್ತಿತ್ತು.

"ನಿಂಗೆ ಯಾವ ಕಡೆ?" ಎಂದು ಪಿಸುಗುಟ್ಟಿದರು.

"ಎಡಕ್ಕೆ. ನಿಮಗೆ?"

"ಬಲಕ್ಕೆ."

ಅವರಿಗೆ ನಿದ್ದೆ ಬಂತೇನೋ ಅಂದುಕೊಂಡೆ.

"ಹಾಗಾದ್ರೆ ಇಬ್ಬರದೂ ಸೇರಿಸಿದ್ರೆ ಒಂದು ಪೂರ್ತಿ ತಲೆ ಚೆನ್ನಾಗಿದೆ ಬಿಡು," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಎಡಗಣ್ಣಿನ ಹಿಂದೆ ಸಿಡಿಯುತ್ತಿತ್ತು. "ನಗಿಸಬೇಡಿ ಅತ್ತೆ, ನೋಯುತ್ತೆ," ಎಂದೆ. "ನನಗೂ ನೋಯುತ್ತೆ ಕಣೇ, ಸುಮ್ನಿರು," ಎಂದರು ಅತ್ತೆ, ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ನಗುತ್ತಾ.